ಮಾತಿನ ಬಾಲ

ಬಟ್ಟೆಗೆ ಬಣ್ಣ ಹಾಕುವ ಅಂಗಡಿಯ ಯಜಮಾನರಿಗೆ ವಾಕ್ಯದ ಕೊನೆಯ ಪದ ಇರಲಿಲ್ಲ. ಲಕ್ವ ಹೊಡೆದು ಎದ್ದ ಮೇಲೆ ಬಲಗೈ ಹೋಗಿತ್ತು, ಬಾಯಿ ಅರ್ಧ ಉಳಿದಿತ್ತು. ಏನು, ಯಾವುದಕ್ಕೆ, ಯಾವಾಗ ಎಂಬುದೆಲ್ಲ ನಿಧಾನಕ್ಕೆ ಬರುತ್ತಿತ್ತು. ಮಾಡಬೇಕೋ ಬಿಡಬೇಕೋ ಎನ್ನುವ ಹೊತ್ತಿಗೆ ಉಸಿರು ಮುಗಿದು, ಮಾತು ಹಂಡೆಯ ಮೇಲಿನ ಹಬೆಯ ಹಾಗೆ ಅಲ್ಲೇ ನಿಲ್ಲುತ್ತಿತ್ತು. ತಲೆ ಸದಾ ಅಲುಗುತ್ತಿತ್ತು. ಹೌದಿಗೂ ಅದೇ, ಅಲ್ಲಕ್ಕೂ ಅದೇ.

ಆ ತಲೆಯೊಳಗೆ ಹದಿನಾಲ್ಕು ಬಣ್ಣಗಳ ಪಾಕವಿತ್ತು. ಒಂದನ್ನೂ ಬರೆದಿಟ್ಟಿರಲಿಲ್ಲ. "ಬರೆದ್ರೆ ಕದೀತಾರೆ" ಎನ್ನುತ್ತಿದ್ದರು, ಗಟ್ಟಿಯಿದ್ದಾಗ. ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಹೊಡೆದರೆ ಈ ಅರ್ಧ ಬಾಯಿಯೂ ಇರುವುದಿಲ್ಲ ಎಂದಿದ್ದರು. ಅಂಗಡಿ ಉಳಿಯಬೇಕಾದರೆ ಅಷ್ಟರೊಳಗೆ ಬಣ್ಣಗಳು ಅವಳ ಕೈಗೆ ಬರಬೇಕಿತ್ತು.

ದಿನಾ ಮಧ್ಯಾಹ್ನ ಅವಳು ಹಂಡೆಗಳ ನಡುವೆ ಅಪ್ಪನ ಕುರ್ಚಿ ಹಾಕುತ್ತಿದ್ದಳು. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಹಬೆಯಲ್ಲಿ ತೇಲುತ್ತಿತ್ತು. ತಂತಿಯ ಮೇಲಿನ ಒದ್ದೆ ಬಟ್ಟೆ ಅಲುಗಿದಾಗ ಅಪ್ಪನ ಮುಖ ಒಮ್ಮೆ ನೀಲಿ, ಒಮ್ಮೆ ಕೆಂಪು. ನಿದ್ದೆಯೋ ಎಚ್ಚರವೋ ತಿಳಿಯದ ಆ ಹೊತ್ತಿನಲ್ಲಿ ಅವರು ಬಾಯಿ ತೆರೆಯುತ್ತಿದ್ದರು.

"ಕಡುಹಸಿರಿಗೆ... ಸೋಡಾ... ನೀರು ಕುದಿಯೋವಾಗ..."

"ಹಾಕ್ಬೇಕು," ಬಾಗಿಲಲ್ಲಿದ್ದ ಅಮ್ಮ ಮುಗಿಸಿದಳು. "ಅದಕ್ಕೇನು ಇಷ್ಟು ರಾಗ? ಬರ್ಕೊಳ್ಳೇ."

ಆ ಮನೆಯಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ. ಮೂವತ್ತು ವರ್ಷದಿಂದ ಅಪ್ಪನ ಮಾತಿಗೆ ಅಮ್ಮ ಬಾಲ ಅಂಟಿಸುವುದು, ಅಪ್ಪ ಅದನ್ನು ಕಿತ್ತು ತನ್ನದನ್ನು ಅಂಟಿಸುವುದು. ಸಂಸಾರ ಹಾಗೇ ನಡೆದಿತ್ತು. ಈಗ ಕೀಳುವವರಿರಲಿಲ್ಲ. ಮಗಳು ಬರೆದುಕೊಂಡಳು. ಮೂರು ವಾರಕ್ಕೆ ಆರು ಬಣ್ಣವಾಯಿತು.

ಆರನ್ನೂ ಒಂದೇ ದಿನ ಅದ್ದಿ ನೋಡಿದಳು. ಒದ್ದೆ ಬಟ್ಟೆ ಸುಳ್ಳು ಹೇಳುತ್ತದೆ, ಒಣಗುವ ತನಕ ನಂಬಬಾರದು ಎಂಬುದು ಬಣ್ಣದವರ ಪಾಠ. ಕಾದಳು. ಒಣಗಿತು. ಕಡುಹಸಿರು ಪಾಚಿ ಹಿಡಿದ ಗೋಡೆಯಂತಿತ್ತು, ಮಿಕ್ಕ ಐದೂ ಅದಕ್ಕಿಂತ ಕಡೆ.

"ಎಲ್ಲಾ ನಿನ್ನ ಕೈಗುಣ," ಎಂದಳು ಅಮ್ಮ. ಅಪ್ಪ ಕಣ್ಣು ಮುಚ್ಚಿಕೊಂಡರು.

ಅಷ್ಟರಲ್ಲಿ ಪಕ್ಕದಂಗಡಿಯ ಇಸ್ತ್ರಿಯವನು ಒಳಬಂದ. "ಸುಟ್ಟೆ ಕಣಕ್ಕಾ, ನಿಮ್ಮ ಬಿಳಿ ಅಂಗಿ!"

"ಅಯ್ಯೋ ನಿನ್ನ! ಬಾಗಿಲಲ್ಲೇ ಒದರ್ತೀಯಲ್ಲೋ!" ಎಂದಳು ಅಮ್ಮ.

"ಮತ್ತೆ? ಅಂಗಿ, ಕಾಲರು, ಬಲಗಡೆ ಅಂತ ಶುರು ಮಾಡಿದ್ರೆ ನೀವು 'ಆಯ್ತಾ, ಕೊಡು' ಅಂತ ಮುಗಿಸಿಬಿಡ್ತೀರಿ. ನಿಮ್ಮನೇಲಿ ಕೊನೇದನ್ನೇ ಮೊದ್ಲು ಒಗೀಬೇಕು."

ಅಪ್ಪನ ಅರ್ಧ ಬಾಯಿ ನಕ್ಕಿತು. ಮಗಳು ಅವರ ಕಾಲ ಬಳಿ ಕುಕ್ಕರಿಸಿದಳು.

"ಅಪ್ಪ, ನೀನೂ ಹಂಗೇ ಹೇಳು. ಬೇಕೋ ಬೇಡ್ವೋ ಅನ್ನೋದು ಮೊದ್ಲು, ಉಸಿರಿರೋವಾಗ್ಲೇ. ಅಮ್ಮಾ, ನೀನು ಬಾಯಿಗೆ ಬೀಗ ಹಾಕ್ಕೋ."

ಬಿಸಿಲು ಒಂದು ಹಂಡೆಯಿಂದ ಇನ್ನೊಂದಕ್ಕೆ ದಾಟಿತು.

"ಹಾಕ್... ಬಾರ್ದು," ಎಂದರು ಅಪ್ಪ. "ಸೋಡಾ... ಕುದಿಯೋವಾಗ." ಮತ್ತೆ ಉಸಿರೆಳೆದು, "ಆರ್ಲಿ... ನೀರು."

ಅಮ್ಮ ಹೋಗಿ ಕೈ ತೊಳೆದಳು. ಕೈಯಲ್ಲಿ ಏನೂ ಮೆತ್ತಿರಲಿಲ್ಲ.

ಅಂದಿನಿಂದ ಮಾತುಗಳು ತಲೆಕೆಳಗಾಗಿ ತಂತಿಯ ಮೇಲೆ ನೇತುಹಾಕಿದ ಅಂಗಿಗಳಂತೆ ಬಂದವು. ಬೆರೆಸು, ಹಳದಿ. ಆರಿಸು, ಒಲೆ. ಮುಟ್ಟಬೇಡ, ಇವತ್ತು. ಮನೆಯಲ್ಲೂ ಅದೇ. "ಬೇಕು" ಎನ್ನುತ್ತಿದ್ದರು. ಅಮ್ಮ ಎದುರಿಗೆ ನಿಲ್ಲುತ್ತಿದ್ದಳು. "ಏನು ಅಂತ ನೀವೇ ಹೇಳಿ. ಅಲ್ಲೀವರ್ಗೂ ನಿಂತಿರ್ತೀನಿ." ನಿಂತೂ ಇರುತ್ತಿದ್ದಳು.

ಕೆಟ್ಟಿದ್ದ ಆರೂ ಸೇರಿ ಒಂದೊಂದಾಗಿ ಒಂಬತ್ತು ಬಣ್ಣ ಸರಿಯಾಗಿ ಬಂದವು, ಅದ್ದಿ ಒಣಗಿಸಿ ನೋಡಿದ್ದು. ಹತ್ತನೆಯದು ಊದಾ.

"ತೆಗಿ..." ಎಂದರು ಅಪ್ಪ.

ಏನನ್ನು ಎಂದು ಮಗಳು ಕಾದಳು. ಬಟ್ಟೆಯನ್ನೋ, ಬೆಂಕಿಯನ್ನೋ, ಮುಚ್ಚಳವನ್ನೋ. ಅಮ್ಮನೂ ಬಾಗಿಲಲ್ಲಿ ಕಾದಳು, ಬಾಲ ಅಂಟಿಸಲಿಲ್ಲ. ಹಬೆ ಮೇಲೇಳುತ್ತಲೇ ಇತ್ತು. ಕುರ್ಚಿಯ ಕೈಮೇಲಿದ್ದ ಅಪ್ಪನ ಎಡಗೈ ಜಾರಿತು, ಅವರು ಒಂದು ಪಕ್ಕಕ್ಕೆ ವಾಲಿದರು.

ಡಾಕ್ಟರು ಹೇಳಿದಂತೆಯೇ ಆಯಿತು. ಅಪ್ಪ ಈಗಲೂ ಮಧ್ಯಾಹ್ನ ಹಂಡೆಗಳ ನಡುವೆ ಕೂರುತ್ತಾರೆ, ಮಾತಿಲ್ಲ. ಕಡುಹಸಿರಿಗೆ ಗಿರಾಕಿಗಳಿದ್ದಾರೆ. ಊದಾ ಕೇಳಿ ಬಂದವರನ್ನು ಮಗಳು ಬೇರೆ ಕಡೆ ಕಳಿಸುತ್ತಾಳೆ.

ಬಾಲ ಅಂಟಿಸಿ ಹೋದದ್ದು ಮೂರು ವಾರ, ಹದಿನಾಲ್ಕರಲ್ಲಿ ಐದು ಬಣ್ಣ.