ಕೌದಿಯ ಹೊಟ್ಟೆ

ಕೌದಿಗೆ ಕೊನೆಯ ಹೊಲಿಗೆ ಹಾಕುವ ಮುನ್ನ ಅದರ ಹೊಟ್ಟೆ ತುಂಬಬೇಕು. ಇದು ಸುಂದರವ್ವನಿಗೆ ಅವಳ ಅತ್ತೆ ಕಲಿಸಿದ ಮೊದಲ ಪಾಠ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಾಲ್ಕೂ ಅಂಚಿನಿಂದ ಸಾಲು ಸಾಲಾಗಿ ಹೊಲಿಯುತ್ತ ಬಂದು, ನಟ್ಟನಡುವೆ ನಾಲ್ಕು ಬೆರಳಗಲದ ಬಾಯಿ ಬಿಡಬೇಕು. ಆ ಬಾಯಿಗೆ ಒಂದು ಚೂರು ರೊಟ್ಟಿ, ಐದು ಕಾಳು ಜೋಳ ಇಟ್ಟು, ಕೌದಿ ಯಾರದೋ ಅವರ ಸಲುವಾಗಿ ಒಂದು ಮಾತು ಹೇಳಿ ಮುಚ್ಚಬೇಕು.

ಉಳಿದವರ ಕೈಯಲ್ಲಿ ಅದು ಬರಿಯ ಪದ್ಧತಿ. ಸುಂದರವ್ವನ ಕೈಯಲ್ಲಿ ಮಾತ್ರ ಆ ಮಾತು ನಡೆಯುತ್ತಿತ್ತು. ‘ಜ್ವರ ತಿನ್ನು’ ಎಂದು ಹೇಳಿ ಮುಚ್ಚಿದ ಕೌದಿ ಕೂಸಿನ ಜ್ವರವನ್ನು ತಿನ್ನುತ್ತಿತ್ತು. ಕುರಿ ಕಾಯುವ ಲಗಮಣ್ಣನ ಮೊಣಕಾಲು ನೋವನ್ನು ಒಂದು ಕೌದಿ ಹನ್ನೊಂದು ವರ್ಷದಿಂದ ತಿನ್ನುತ್ತಿದೆ. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೌದಿಯ ತೂಕ ಹೆಚ್ಚುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

2012ರ ಆ ಬುಧವಾರ ಮಧ್ಯಾಹ್ನ, ಬೀಳಗಿಯ ಆಚೆಗಿನ ಪುನರ್ವಸತಿ ಕೇಂದ್ರದ ಎರಡು ಕೋಣೆಯ ಮನೆಯಲ್ಲಿ, ಅವಳ ಮಗಳು ಶೈಲಾ ಬಟ್ಟೆ ಕಟ್ಟುತ್ತಿದ್ದಳು. ತೇರದಾಳದ ಗಂಡನ ಮನೆಯಿಂದ ಹಣೆಗೆ ಏಳು ಹೊಲಿಗೆ ಹಾಕಿಸಿಕೊಂಡು ಬಂದು ಇಪ್ಪತ್ತೆರಡು ದಿನವಾಗಿತ್ತು. ಜೊತೆಗೆ ಮದುವೆಯ ಕೌದಿಯ ಗಂಟನ್ನೂ ತಂದಿದ್ದಳು. ‘ಕಲ್ಲು ತುಂಬೀಯೇನವಾ ಇದರಾಗ?’ ಎಂದು ಬಸ್ಸಿನ ಕಂಡಕ್ಟರ್ ನಕ್ಕಿದ್ದನಂತೆ. ಮೊದಲ ಎರಡು ದಿನ ಶೈಲಾ ಮೂಲೆಯಲ್ಲಿ ನಡುಗುತ್ತ ಕುಳಿತಿದ್ದಳು. ಮೂರನೆಯ ದಿನ ಆ ಕೌದಿ ಹೊದ್ದು ಮಲಗಿ ಎದ್ದವಳು, ‘ಬಟ್ಟಿ ಒಗಿಯೂ ಕಲ್ಲಿನ ಮ್ಯಾಲ ಜಾರಿ ಬಿದ್ದಿರಬೇಕ ನಾ’ ಎಂದಳು.

ಸುಂದರವ್ವ ಆಗಲೂ ಬಾಯಿ ಬಿಡಲಿಲ್ಲ.

ಪಕ್ಕದ ಮನೆಯ ಅನಸವ್ವ ಸುಮ್ಮನಿರುವವಳಲ್ಲ. ಬಾಗಿಲಲ್ಲೇ ನಿಂತು ಚುಚ್ಚಿದಳು: “ಏನಬೇ ಸುಂದ್ರವ್ವ, ಊರ ಮಂದಿ ನೋವೆಲ್ಲಾ ಹೊಲದ ಮುಚ್ಚತಿ. ಮಗಳ ಹಣೀಗೆ ದವಾಖಾನಿಯವ್ರ ಹೊಲಿಗಿ ಹಾಕಬೇಕಾತೇನು?”

“ಹೋಗ ನಿನ್ನ ಕೆಲಸ ನೋಡ್ಕೋ ಹೋಗ.”

“ಹೋಗ್ತೇನಿ. ನಾಳೆ ಹತ್ತಕ್ಕ ಕರಿಯಾಕ ಬರ್ತಾರಂತಲ್ಲ. ಕಳಸ್ತಿಯೇನು?”

ಉತ್ತರ ಕೊಟ್ಟವಳು ಶೈಲಾ. “ಕಳಸೂದೇನು ಚಿಗವ್ವ, ನಾನೇ ಹೋಗ್ತೇನಿ. ಅಂವಾ ಬಡದಾನ ಅಂತ ಎಲ್ಲಾರೂ ಅಂತಾರ. ನನಗ ಒಂದೂ ನೆನಪಾಗವಲ್ದು. ನೆನಪಿಲ್ಲದ್ದಕ್ಕ ಗಂಡನ್ನ ಹೆಂಗ ಬಿಡ್ಲಿ?” ಸೊಟ್ಟಗೆ ಕೂಡಿದ್ದ ತನ್ನ ಎಡ ಮಣಿಕಟ್ಟನ್ನು, ಅದು ಬೇರೆ ಯಾರದೋ ಎಂಬಂತೆ, ತಿರುಗಿಸಿ ನೋಡಿದಳು. “ಖರೇನ ಬಡದಿದ್ರ, ಒಂಬತ್ತು ವರ್ಷ ಸುಮ್ನ ಇದ್ದ ನಾನೇ ಹುಚ್ಚಿ ಇರಬೇಕು.”

ಅನಸವ್ವ ಹೊರಟುಹೋದಳು. ಸುಂದರವ್ವನ ಎದೆಯಲ್ಲಿ ಆ ಕೊನೆಯ ಮಾತು ಸೂಜಿಯಂತೆ ನಿಂತಿತು. ಮಗಳು ಹುಚ್ಚಿಯಲ್ಲ, ಅವಳನ್ನು ಸುಮ್ಮನಿರಿಸಿದ್ದು ಯಾವುದು ಎಂಬುದು ಸುಂದರವ್ವನಿಗೆ ಗೊತ್ತಿತ್ತು.

ಆ ಕೌದಿಯನ್ನು ಅವಳು ಹೊಲಿದದ್ದು ಹಿನ್ನೀರು ಹಳೆಯ ಊರನ್ನು ನುಂಗಿದ ಮರುವರ್ಷ. ಮುಳುಗುವ ಮನೆಯಿಂದ ಬಿಚ್ಚಿ ತಂದ ತೊಲೆ, ಬಾಗಿಲು, ಹಂಚುಗಳ ಜೊತೆ ಉಳಿದದ್ದು ಒಂದು ಪೆಟ್ಟಿಗೆ ಸೀರೆ. ಮಗಳ ಮದುವೆಗೆ ಅವುಗಳನ್ನೇ ಹೊಲಿದಳು. ಬಾಯಿ ಮುಚ್ಚುವಾಗ, ತವರು ನೀರಿನಡಿ ಹೋಯಿತು, ಇವಳು ತಿರುಗಿ ಬಂದರೆ ಎಲ್ಲಿಗೆ ಬರಬೇಕು ಎಂಬ ಒಂದೇ ಚಿಂತೆಯಿತ್ತು. ಸ್ವತಃ ಗಂಡನಿಂದ ಪೆಟ್ಟು ತಿಂದು ಬಾಳಿದವಳಿಗೆ ಬೇರೆ ದಾರಿ ಹೊಳೆಯಲಿಲ್ಲ. ‘ನನ್ನ ಮಗಳ ನೋವು ತಿನ್ನು, ಆಕಿ ಅಲ್ಲೇ ಬಾಳಲಿ’ ಎಂದು ಹೇಳಿ ಗಂಟು ಹಾಕಿದಳು.

ಕೌದಿ ಹೇಳಿದಷ್ಟನ್ನೇ ಮಾಡಿತ್ತು.

“ಶೈಲಾ, ಗಂಟ ಬಿಚ್ಚ,” ಎಂದಳು ಸುಂದರವ್ವ. “ಆ ಕೌದಿ ಕೊಡಿಲ್ಲಿ.”

“ಯಾಕ?”

ಸುಂದರವ್ವ ಹೇಳಿದಳು. ತಾನು ಅದರ ಹೊಟ್ಟೆಗೆ ಹಾಕಿದ ಮಾತನ್ನು ಒಂದಕ್ಷರ ಬದಲಿಸದೆ ಹೇಳಿದಳು. ಹೇಳದೆ ಉಳಿಸಿಕೊಂಡದ್ದು ಒಂದೇ ಸಂಗತಿ. ಅಷ್ಟನ್ನಾದರೂ ಕೌದಿ ಮುಚ್ಚಿಟ್ಟೀತು ಎಂದು ಆಸೆಪಟ್ಟಳು. ಮಾತು ಮುಗಿಸಿ ಬ್ಲೇಡು ತೆಗೆದುಕೊಂಡು ನಡುವಿನ ಬಾಯಿಗೆ ಇಡಲು ಹೋದಾಗ ಶೈಲಾ ಅವಳ ಕೈ ಹಿಡಿದಳು.

“ನೀ ಬಿಚ್ಚಬ್ಯಾಡ. ನಾ ಬಿಚ್ಚತೇನಿ. ನೀ ಕುಂತ ಕೇಳ.”

ಬಾಯಿ ತೆರೆದಾಗ ಐದು ಜೋಳದ ಕಾಳು ಹೊರಗುರುಳಿದವು. ಒಂದೊಂದೂ ಗಜ್ಜುಗದಷ್ಟು ಊದಿ ಕಪ್ಪಾಗಿತ್ತು. ರೊಟ್ಟಿಯ ಚೂರಿನ ಗುರುತೂ ಇರಲಿಲ್ಲ. ಶೈಲಾ ಮೊದಲ ಸಾಲಿನ ದಾರ ಕತ್ತರಿಸಿ ಎಳೆದಳು. ಅವಳ ಮುಖದ ಬಣ್ಣ ಇಳಿಯಿತು.

“ಪಂಚಮಿ,” ಎಂದಳು. “ಜೋಕಾಲಿ ಕಟ್ಟಾಕ ಹಗ್ಗ ಕೇಳಿದ್ದೆ. ತಂದ. ಆ ಹಗ್ಗದಿಂದ…” ನಿಲ್ಲಿಸಿದಳು. ಬೆನ್ನು ತಾನಾಗಿಯೇ ಬಾಗಿತು.

“ಸಾಕವಾ, ನಿಲ್ಲಸ.”

“ಕುಂದ್ರ ಅಂದೆ.”

ಸಾಲಿಗೊಂದು ದಿನ. ಕಾರಹುಣ್ಣಿಮೆಯ ಮರುದಿನ ಮಣಿಕಟ್ಟು ಮುರಿದದ್ದು. ಸಾರು ಉಪ್ಪಾದ ಒಂದು ಸೋಮವಾರ. ಏನೂ ಕಾರಣವಿಲ್ಲದ ಅನೇಕ ದಿನಗಳು. ಶೈಲಾ ಒಮ್ಮೆ ಅತ್ತಳು, ಒಮ್ಮೆ ಅಂಗಳಕ್ಕೆ ಓಡಿ ವಾಂತಿ ಮಾಡಿದಳು, ಪ್ರತಿ ಸಲವೂ ಬಂದು ಕುಳಿತು ಬ್ಲೇಡು ಹಿಡಿದಳು. ಕೌದಿ ಹಗುರಾಗುತ್ತ ಬಂತು. ಹಸಿರು ಸೆರಗಿನ ಮೇಲಿನ ಸಾಲನ್ನು ಎಳೆದವಳು ತಲೆಯೆತ್ತಿ ತಾಯಿಯನ್ನು ನೋಡಿದಳು.

“ಎಳ್ಳ ಅಮಾಸಿ. ಮೂರನೇ ವರ್ಷ. ನೀ ಬಂದಿದ್ದಿ.”

ಸುಂದರವ್ವ ನೆಲದ ಮೇಲಿನ ಕಾಳುಗಳನ್ನು ಆರಿಸತೊಡಗಿದಳು.

“ಬಿಸಲಿಗೆ ಹಾಕಾಕಂತ ಇದನ್ನ ಎತ್ತಿದಿ. ಎತ್ತಾಕಾಗಲಿಲ್ಲ. ನನ್ನ ಮಾರಿ ನೋಡಿದಿ. ಆಮ್ಯಾಲ ಮಡಚಿಟ್ಟು, ಸಜ್ಜಿ ಕಡಬು ತಿಂದು, ಸಂಜಿ ಬಸ್ಸಿಗೆ ಹೋದಿ. ನಿನಗ ಗೊತ್ತಿತ್ತೇನು?”

“ಗೊತ್ತಿತ್ತವಾ.”

“ಎಷ್ಟ ಗೊತ್ತಿತ್ತು?”

“ತೂಕ ಗೊತ್ತಿತ್ತು.”

ಶೈಲಾ ಕಡೆಯ ಸಾಲಿನವರೆಗೆ ಬಾಯಿಮುಚ್ಚಿ ಬಿಚ್ಚಿದಳು. ಆ ಮೌನಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು ಎಂದು ಸುಂದರವ್ವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ನಾಚಿಕೆಯಾಯಿತು.

ಮರುದಿನ ಹತ್ತಕ್ಕೆ ಗಂಡನ ದೊಡ್ಡಪ್ಪ ಗಿರಮಲ್ಲಪ್ಪ ಇಬ್ಬರು ಹಿರಿಯರೊಡನೆ ಬಂದ. ಬಿಚ್ಚಿದ ಸೀರೆಗಳು ಅಂಗಳದ ಹಗ್ಗದ ಮೇಲೆ ತೂಗುತ್ತಿದ್ದವು. ಚಹಾದ ಕಪ್ಪು ಕೈಗೆ ಬಂದಮೇಲೆ ಅವನು ಸಮಾಧಾನದಿಂದ ಹೇಳಿದ: “ತಂಗಿ, ಮಂದಿ ನೂರ ಮಾತಾಡ್ತಾರ. ನಮ್ಮ ಹುಡಗ ಕೈ ಎತ್ತಿದ್ದು ಒಂದರ ದಿನ ಹೇಳ ನೋಡೂನು.”

“ಒಂದ ಸಾಕೇನ್ರಿ?” ಎಂದಳು ಶೈಲಾ. ಹಬ್ಬ, ವಾರ, ಹೊತ್ತು ಸಮೇತ ಹೇಳತೊಡಗಿದಳು. ಸುಂದರವ್ವ ಬಾಗಿಲಿಗೊರಗಿ ನಿಂತು ನಿನ್ನೆ ಕೇಳಿದ್ದನ್ನು ಎರಡನೆಯ ಸಲ, ಕೇಳದೆ ಉಳಿದದ್ದನ್ನು ಮೊದಲ ಸಲ ಕೇಳಿದಳು. ಎಳ್ಳಮಾವಾಸ್ಯೆ ಬಂದಾಗ ಶೈಲಾ ತಾಯಿಯ ಕಡೆ ಕೈ ತೋರಿಸಿದಳು. “ಅದಕ್ಕ ಈಕೀನ ಸಾಕ್ಷಿ.”

ಹಿರಿಯರು ತಿರುಗಿ ನೋಡಿದರು. “ಹೌದ್ರಿ,” ಎಂದಳು ಸುಂದರವ್ವ. “ಗೊತ್ತಿದ್ದೂ ಸುಮ್ನ ಬಂದೆ. ತಪ್ಪ ನಂದೂ ಐತಿ. ಠಾಣೇದಾಗೂ ಇದನ್ನ ಹೇಳತೇನಿ.”

ಗಿರಮಲ್ಲಪ್ಪನ ಚಹಾ ಕೆನೆಗಟ್ಟಿತ್ತು. ಅವನು ಕುಡಿಯದೆ ಎದ್ದ.

ಅಮ್ಮ ಮಗಳು ಸೋಮವಾರ ಠಾಣೆಗೆ ಹೋಗಿ ದೂರು ಕೊಟ್ಟು ಬಂದರು. ನಂತರದ ದಿನಗಳಲ್ಲಿ ಶೈಲಾ ನಿದ್ದೆಯಲ್ಲಿ ಕೂಗಿಕೊಂಡಳು, ಬೆವರಿ ಎದ್ದು ಕುಳಿತಳು. ಒಂದು ಹೊಸ ಕೌದಿ ಹೊಲಿದುಕೊಡಲು ಸುಂದರವ್ವನ ಕೈ ತುಡಿಯಿತು. ಸೂಜಿಯನ್ನು ಮುಟ್ಟದೆ ಉಳಿದದ್ದೇ ಅವಳು ಮಾಡಿದ ಎಲ್ಲಕ್ಕಿಂತ ಕಠಿಣ ಕೆಲಸವಾಗಿತ್ತು.

ಠಾಣೆಗೆ ಹೋಗಿ ಬಂದ ಒಂಬತ್ತನೆಯ ದಿನ ಶೈಲಾ ಹಗ್ಗದ ಮೇಲಿನ ಸೀರೆಗಳನ್ನು ಎಳೆದುಕೊಂಡು ನೆಲದ ಮೇಲೆ ಹಾಸಿದಳು. ಮುಳುಗಿದ ಮನೆಯ ಕೆಂಪು, ಹಸಿರು, ಕಪ್ಪು ದಡಿಗಳನ್ನು ತನಗೆ ಬೇಕಾದಂತೆ ಅತ್ತಿತ್ತ ಜೋಡಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ದಾರ ಪೋಣಿಸಲು ಹೋದಳು. ಸೊಟ್ಟ ಮಣಿಕಟ್ಟು ಸೂಜಿಯನ್ನು ನೆಟ್ಟಗೆ ಹಿಡಿಯಲಿಲ್ಲ. ಮೂರು ಸಲ ತಪ್ಪಿತು.

“ತಗೋ,” ಎಂದು ತಾಯಿಯತ್ತ ಚಾಚಿದಳು, ಮುಖ ನೋಡದೆ. “ಪೋಣಿಸಿ ಕೊಡ. ಹೊಲಿಯೂದ ಬ್ಯಾಡ. ಪೋಣಿಸೂದಷ್ಟ.”

ಇದರ ಹೊಟ್ಟೆಗೆ ಏನು ಹೇಳಿ ಹಾಕುತ್ತೀ ಎಂದು ಕೇಳುವ ಹಕ್ಕು ತನಗಿಲ್ಲವೆಂದು ಸುಂದರವ್ವನಿಗೆ ತಿಳಿದಿತ್ತು. ದಾರದ ತುದಿಯನ್ನು ಬಾಯಲ್ಲಿ ತೇವ ಮಾಡಿ, ಸೂಜಿಯ ಕಣ್ಣು ಹುಡುಕಿದಳು.