ಕುತ್ತಿಗೆಯಿಂದ ಕೆಳಗೆ

ಅಮೆರಿಕದ ಡೇಟನ್ನಿನಲ್ಲಿ ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಡೆಲ್ಬರ್ಟ್ ಫಿಸ್ಟರನಿಗೆ ಮುಕ್ಕಾಲು ಅಂಗುಲದಷ್ಟು ಖ್ಯಾತಿಯಿತ್ತು. ಅಷ್ಟು ಉದ್ದದ ಪ್ಲಾಸ್ಟಿಕ್ ತಲೆಯೊಂದರ ಮೇಲೆ ಅವನ ಮುಖವಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಕ್ಯಾಪ್ಟನ್ ಬ್ಯಾರೋಮೀಟರ್ ಎಂಬ ಕಾಮಿಕ್ಸ್ ಮಹಾವೀರನ ಗೊಂಬೆಗಳನ್ನು ಮಾಡುವ ಪರವಾನಗಿ ಹಾಲ್‌ಕ್ರಾಫ್ಟ್ ಕಂಪನಿಯ ಕೈಯಲ್ಲಿತ್ತು. ವೀರ, ವೈರಿಗಳು, ವೀರನ ಪ್ರೇಯಸಿ, ಪ್ರೇಯಸಿಯ ಹಲ್ಲಿನ ಡಾಕ್ಟರು, ಹೀಗೆ ಎಲ್ಲರನ್ನೂ ಅಚ್ಚು ಹಾಕಿ ಮುಗಿಸಿದ ಮೇಲೂ ಪರವಾನಗಿಯಲ್ಲಿ ಐದು ತಿಂಗಳು ಉಳಿದುಬಿಟ್ಟಿತು. ಆಗ ಕಂಪನಿಯವರ ಕಣ್ಣು ಬ್ಯಾಂಕಿನ ಕಾವಲುಗಾರನೊಬ್ಬನ ಮೇಲೆ ಬಿತ್ತು. ನಲವತ್ತೊಂದನೆಯ ಸಂಚಿಕೆಯಲ್ಲಿ ಅವನು ‘ಯಾರದು?’ ಎಂದು ಕೇಳುತ್ತಾನೆ. ಉತ್ತರ ಬರುವ ಮೊದಲೇ ಗೋಡೆಯಾಚೆ ಹಾರಿಹೋಗುತ್ತಾನೆ. ಅವನ ಮುಖವನ್ನು ಚಿತ್ರಗಾರ ಟೋಪಿಯ ನೆರಳಿನಲ್ಲಿ ಮುಚ್ಚಿ ಶ್ರಮ ಉಳಿಸಿಕೊಂಡಿದ್ದ. ಮುಖ ಬೇಕಾಗಿದೆ ಎಂದು ಕಂಪನಿ ಸ್ಪರ್ಧೆ ಸಾರಿತು. ಹೆಂಡತಿ ಆರ್ಲೀನ್ ತಮಾಷೆಗೆ ಗಂಡನ ಫೋಟೋ ಕಳಿಸಿದಳು. ತಮಾಷೆ ಗೆದ್ದಿತು.

ಅಲ್ಲಿಂದ ಮುಂದೆ ಪ್ರತಿ ಮಾರ್ಚಿನಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಗೊಂಬೆ ಸಂಗ್ರಾಹಕರ ಸಂಘದ ಎರಡು ದಿನದ ಮೇಳ ನಡೆದಾಗ ಡೆಲ್ಬರ್ಟನಿಗೆ ಒಂದು ಮೇಜು, ಒಂದು ಕುರ್ಚಿ, ಒಂದು ಜಗ್ ನೀರು ಖಾಯಂ. ತಮ್ಮ ಗೊಂಬೆ ಹಿಡಿದು ಸಾಲಾಗಿ ಬಂದವರಿಗೆ ಅವನು ಗೊಂಬೆಯ ಎದೆಯ ಮೇಲೆ ಸಹಿ ಹಾಕಿ ಕೊಡುತ್ತಿದ್ದ. ಸಂಘದವರು ಅವುಗಳನ್ನು ಗೊಂಬೆ ಎನ್ನುತ್ತಿರಲಿಲ್ಲ, ಫಿಗರ್ ಎನ್ನುತ್ತಿದ್ದರು. ಆರ್ಲೀನ್ ಗೊಂಬೆ ಎಂದೇ ಅನ್ನುತ್ತಿದ್ದಳು. ಅದಕ್ಕೇ ಅವಳನ್ನು ಮೇಳಕ್ಕೆ ಯಾರೂ ಕರೆಯುತ್ತಿರಲಿಲ್ಲ. ಡೆಲ್ಬರ್ಟನಿಗೆ ವರ್ಷದ ಉಳಿದ ದಿನಗಳೆಲ್ಲ ಆ ಎರಡು ದಿನಗಳ ಕಾಯುವಿಕೆಯಾಗಿತ್ತು. ಬಸ್ಸಿನ ಕನ್ನಡಿಯಲ್ಲಿ ಇಪ್ಪತ್ತೆಂಟು ವರ್ಷ ಅವನು ಎಲ್ಲರನ್ನೂ ನೋಡಿದ್ದ. ಅವನನ್ನು ನೋಡಿದವರು ಈ ಹೋಟೆಲಿನವರು ಮಾತ್ರ.

ಅವಧಿ ಮುಗಿದು ಸುಮ್ಮನೆ ಬಿದ್ದಿದ್ದ ಪರವಾನಗಿ ಈ ಜನವರಿಯಲ್ಲಿ ನೊವೆಕ್ ಎಂಬ ಕಂಪನಿಗೆ ಹೋಯಿತು. ಪರವಾನಗಿ ಕೈ ಬದಲಾಯಿತೆಂದರೆ ಈ ಲೋಕದಲ್ಲಿ ಪ್ರಳಯವಾದ ಹಾಗೆ; ಎಲ್ಲರೂ ಮತ್ತೆ ಹುಟ್ಟಿ ಬರಬೇಕು. ಸಂಘದ ಅಧ್ಯಕ್ಷ ನಾರ್ಬರ್ಟ್ ಫೋನು ಮಾಡಿದ.

“ಡೆಲ್, ಕೂತಿದೀಯಾ?”

“ನಿಂತಿದೀನಿ.”

“ಹಂಗಾದ್ರೆ ಕೂತ್ಕೋ. ನಿನ್ ತಲೆ ಹೋಯ್ತು ಮಾರಾಯ. ಕಾವಲುಗಾರನ್ನ ಹೊಸದಾಗಿ ಮಾಡಿದಾರೆ. ಅವರ ಪ್ಯಾಕಿಂಗ್ ವಿಭಾಗದ ಹುಡುಗನ ಮುಖವಂತೆ. ಕಾಲ್ಟನ್ ರೀಸ್. ಮೂವತ್ತೊಂದು ವರ್ಷ.”

“ಕಾವಲುಗಾರನಿಗೆ ಮೂವತ್ತೊಂದಾ?”

“ಈ ಸಲ ಮೇಜಿಗೆ ಇಬ್ಬರೂ ಬರ್ತೀರ. ನಿನ್ ಬೋರ್ಡಲ್ಲಿ ‘ಹಿಂದಿನ ಕಾವಲುಗಾರ’ ಅಂತ ಬರೆಸ್ತೀನಿ. ಬೇಜಾರಿಲ್ಲ ತಾನೆ?”

ಬೇಜಾರಿಲ್ಲ ಎಂದು ಹೇಳಿ ಡೆಲ್ಬರ್ಟ್ ಫೋನು ಇಟ್ಟ. ಮೂರನೆಯ ದಿನ ಹೊಸ ಕಾವಲುಗಾರನನ್ನು ತರಿಸಿ ತನ್ನ ಗೊಂಬೆಯ ಪಕ್ಕ ನಿಲ್ಲಿಸಿ ನೋಡಿದ. ಹೊಸಬನಿಗೆ ಇಪ್ಪತ್ತಾರು ಕೀಲು. ಮೊಣಕಾಲು ಮಡಚುತ್ತಿತ್ತು, ಬೆರಳು ಬಾಗುತ್ತಿತ್ತು. ಹಳಬನಿಗೆ ಏಳೇ ಕೀಲು. ಅವನನ್ನು ಕೂರಿಸಲು ಹೋದರೆ ಮಲಗಿಬಿಡುತ್ತಿದ್ದ.

“ಥೇಟ್ ನೀನೇ,” ಎಂದಳು ಆರ್ಲೀನ್.

ಮೇಳದ ದಿನ ಡೆಲ್ಬರ್ಟ್ ಬೇಗನೆ ಹೋಗಿ ತನ್ನ ಬೋರ್ಡಿನ ‘ಹಿಂದಿನ’ ಎಂಬ ಪದದ ಮುಂದೆ ನೀರಿನ ಜಗ್ಗನ್ನು ಇಟ್ಟುಕೊಂಡ. ಕಾಲ್ಟನ್ ಬಂದ. ತೆಳ್ಳಗೆ, ನಾಚಿಕೆಯ ಹುಡುಗ. ಜೊತೆಗೆ ಅವನ ತಾಯಿ ಜಾರ್ಜೀನ್, ಮಗನ ಮುಖ ಅಚ್ಚಾದ ಅಂಗಿ ತೊಟ್ಟು ಕೆಂಟಕಿಯಿಂದ ಆರು ತಾಸು ಕಾರು ಓಡಿಸಿಕೊಂಡು ಬಂದಿದ್ದಳು.

“ಸಾರ್, ನಿಮ್ಮನ್ನ ನೋಡ್ಕೊಂಡೇ ನಾನು ಬೆಳೆದಿದ್ದು,” ಎಂದ ಕಾಲ್ಟನ್. “ನಮ್ಮನೇಲಿ ನೀವು ಟೀವಿ ಮೇಲೆ ಇದ್ರಿ.”

“ಈಗೆಲ್ಲಿದೀನಿ?”

“ನಾಯಿ ಕಚ್ಚಿಬಿಡ್ತು ಸಾರ್.”

ಬಾಗಿಲು ತೆರೆದು ಜನ ನುಗ್ಗಿದರು. ಆದರೆ ಸಾಲು ನಿಂತದ್ದು ಇವರಿಬ್ಬರ ಮುಂದೆ ಅಲ್ಲ, ಎದುರು ಮೇಜಿನ ಹೇರ್ ಡ್ರೈಯರಿನ ಮುಂದೆ. ಬಿಸಿಗಾಳಿ ಹಿಡಿದರೆ ಗೊಂಬೆಯ ಕುತ್ತಿಗೆ ಮೆತ್ತಗಾಗಿ ತಲೆ ಕಳಚಿ ಬರುತ್ತದೆ. ಸಂಗ್ರಾಹಕರು ಒಳಗೊಳಗೇ ಒಮ್ಮತಕ್ಕೆ ಬಂದಿದ್ದರು: ದೇಹ ಹೊಸದು ಚೆನ್ನ, ಮುಖ ಹಳೆಯದು ಚೆನ್ನ. ಆದ್ದರಿಂದ ಪ್ರತಿಯೊಬ್ಬನೂ ಎರಡೂ ಕಾವಲುಗಾರರನ್ನು ತಂದು, ಇಬ್ಬರ ತಲೆಯನ್ನೂ ಕಿತ್ತು, ಡೆಲ್ಬರ್ಟನ ತಲೆಯನ್ನು ಹೊಸ ದೇಹಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದ. ಬೇಡವಾದ ಕಾಲ್ಟನ್‌ಗಳು ಉಪ್ಪಿನಕಾಯಿಯ ಜಾಡಿಯೊಂದಕ್ಕೆ ಬೀಳುತ್ತಿದ್ದರು. ತಲೆಯಿಲ್ಲದ ಹಳೆಯ ದೇಹಗಳು ಚಪ್ಪಲಿ ಡಬ್ಬಿಯಲ್ಲಿ ರಾಶಿಯಾದವು.

ಡೆಲ್ಬರ್ಟನಿಗೆ ಇಷ್ಟು ಸುಖ ನಿವೃತ್ತಿಯ ದಿನವೂ ಆಗಿರಲಿಲ್ಲ. ಅವನು ಜಗ್ಗನ್ನು ಪಕ್ಕಕ್ಕೆ ಸರಿಸಿದ.

ಮಧ್ಯಾಹ್ನದ ಹೊತ್ತಿಗೆ ಜಾಡಿ ಮುಕ್ಕಾಲು ತುಂಬಿತು. ಕಾಲ್ಟನ್ ಅದನ್ನು ನೋಡುತ್ತ ಕೈಕಟ್ಟಿ ಕೂತಿದ್ದ. ಅವನ ತಾಯಿ ಎದ್ದುಹೋಗಿ ಜಾಡಿಯಿಂದ ಒಂದು ತಲೆ ತೆಗೆದು ಮುಷ್ಟಿಯಲ್ಲಿ ಹಿಡಿದು ತಂದಳು.

“ಬಿಸಿ ಇದೆ,” ಎಂದಳು ಡೆಲ್ಬರ್ಟನಿಗೆ. “ಚಿಕ್ಕವನಿದ್ದಾಗ ಜ್ವರ ಬಂದ್ರೂ ಹಿಂಗೇ ಸುಡ್ತಿತ್ತು.”

“ಅಮ್ಮಾ, ಸುಮ್ನಿರು,” ಎಂದ ಕಾಲ್ಟನ್.

ಡೆಲ್ಬರ್ಟ್ ನೀರು ಕುಡಿದ. ಗೆದ್ದಿದ್ದೇನೆ ಎಂದು ಒಮ್ಮೆ ಹೇಳಿಕೊಂಡ. ಮಾತು ಸರಿಯಾಗಿಯೇ ಇತ್ತು, ರುಚಿ ಮಾತ್ರ ಕೆಟ್ಟಿತ್ತು. ಕೊನೆಗೆ ಎದ್ದು ಚಪ್ಪಲಿ ಡಬ್ಬಿಯಿಂದ ತನ್ನದೊಂದು ಮುಂಡ ಆರಿಸಿಕೊಂಡ. ಜಾರ್ಜೀನಳ ಕೈಯಿಂದ ತಲೆ ಇಸಿದುಕೊಂಡು ಅದರ ಮೇಲೆ ಒತ್ತಿದ. ಟಪ್ಪೆಂದು ಕೂತಿತು. ಕಾಲ್ಟನ್ ರೀಸ್ ಏಳು ಕೀಲುಗಳ ಮೇಲೆ ನೆಟ್ಟಗೆ ನಿಂತ.

ಹೇರ್ ಡ್ರೈಯರ್ ನಿಂತಿತು.

“ಅದೇನದು?” ಎಂದ ಸಾಲಿನ ಮುಂದಿದ್ದ ಗಡ್ಡದವನು.

“ಕಾವಲುಗಾರ,” ಎಂದ ಡೆಲ್ಬರ್ಟ್.

“ಹೊಸ ತಲೆ, ಹಳೇ ದೇಹ. ಇದು ನನ್ನ ಹತ್ರ ಇಲ್ವಲ್ಲ.”

“ನನ್ನ ಹತ್ರಾನೂ ಇಲ್ಲ,” ಎಂದ ಹಿಂದಿನವನು. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು.

ಸಂಗ್ರಾಹಕನಾದವನಿಗೆ ಇರುವ ಶಾಪ ಇದೊಂದೇ: ಒಂದು ವಸ್ತು ಇದೆಯೆಂದು ಗೊತ್ತಾದ ಮೇಲೆ ಅದಿಲ್ಲದ ಕಪಾಟು ಬೋಳು ಕಾಣುತ್ತದೆ. ಐದೇ ನಿಮಿಷದಲ್ಲಿ ಜನ ಜಾಡಿಗೆ ಕೈಹಾಕಿ ಕಾಲ್ಟನ್‌ಗಳನ್ನು ಆರಿಸತೊಡಗಿದರು. ಮೂಗು ಸೊಟ್ಟಗಾದದ್ದು ಬೇಡ ಎಂದು ಜಗಳಾಡಿದರು. ಜಾಡಿ ಬರಿದಾಯಿತು. ಸಾಲು ಈಗ ಇಬ್ಬರ ಮೇಜಿನತ್ತ ತಿರುಗಿ ಬಾಗಿಲಾಚೆಗೂ ಬೆಳೆಯಿತು.

ಆಗ ಸಮಸ್ಯೆ ಎದ್ದಿತು. ಎರಡು ಕಂಪನಿಯ ಒಬ್ಬ ಕಾವಲುಗಾರನಿಗೆ ಸಹಿ ಹಾಕಬೇಕಾದವರು ಯಾರು? ಗಡ್ಡದವನು ತಲೆ ಎಂದ. ಇನ್ನೊಬ್ಬ ದೇಹ ಎಂದ. ನಾರ್ಬರ್ಟ್ ಸಂಘದ ನಿಯಮಾವಳಿ ತರಿಸಿದ. ಅದರಲ್ಲಿ ಸೋರುವ ಅಂಟಿನ ಬಗ್ಗೆ ಹನ್ನೊಂದು ಕಲಮುಗಳಿದ್ದವು, ಕುತ್ತಿಗೆಯ ಬಗ್ಗೆ ಒಂದೂ ಇರಲಿಲ್ಲ. ಅವನು ಕನ್ನಡಕ ಒರೆಸಿಕೊಂಡು ತೀರ್ಪು ಕೊಟ್ಟ: “ಎದೆ ಮೇಲೆ ತಲೆಯವನು ಹಾಕ್ಲಿ. ದೇಹದವನು ಅಂಗಾಲಿಗೆ.”

ಎಲ್ಲರೂ ಡೆಲ್ಬರ್ಟನನ್ನು ನೋಡಿದರು. ಹತ್ತೊಂಬತ್ತು ವರ್ಷ ಎದೆಯ ಮೇಲೆ ಬರೆದ ಕೈ ಅದು.

“ಸಾರ್, ಬೇಕಾದ್ರೆ ಅಂಗಾಲಿಗೆ ನಾನೇ ಹಾಕ್ತೀನಿ,” ಎಂದ ಕಾಲ್ಟನ್ ಮೆಲ್ಲಗೆ.

“ನಿಂಗೇನು ಗೊತ್ತಪ್ಪ ಆ ಕಾಲಿನ ಕಷ್ಟ,” ಎಂದು ಡೆಲ್ಬರ್ಟ್ ಪೆನ್ನು ತೆಗೆದ.

ಮೊದಲ ಗೊಂಬೆ ಜಾರ್ಜೀನಳದು. ಮಗ ಎದೆಯ ಮೇಲೆ ಸಹಿ ಹಾಕಿ ದಾಟಿಸಿದ. ಡೆಲ್ಬರ್ಟ್ ಅದನ್ನು ತಲೆಕೆಳಗು ಮಾಡಿ, ಅವರೆಕಾಳಿನಷ್ಟಗಲದ ಅಂಗಾಲಿನಲ್ಲಿ ಹೆಸರನ್ನು ಕಿರಿದಾಗಿ ಇಳಿಸಿದ. ಅವಳು ಅದನ್ನು ಬೆಳಕಿಗೆ ಹಿಡಿದು ಮಗನನ್ನು ನೋಡಿದಳು, ಅಂಗಾಲು ನೋಡಿದಳು.

“ಇದ್ರಲ್ಲಿ ನೀವೆಲ್ಲಿದೀರಿ?”

“ಕುತ್ತಿಗೆಯಿಂದ ಕೆಳಗೆ ನಾನೇ ಇದೀನಮ್ಮ,” ಎಂದ ಡೆಲ್ಬರ್ಟ್. “ಕೂರಿಸಬೇಡಿ, ಬಿದ್ದುಬಿಡ್ತಾನೆ.” ಮುಂದಿನವನಿಗೆ ಕೈ ಚಾಚಿದ.