ಅಂಗೈಯಲ್ಲಿ ಹಿಮ್ಮಡಿ

ಎಳೆದುಬಿಟ್ಟರೆ ಮುಗಿಯಿತು. ಒಂದೇ ಎಳೆತ.

ಬೆರಳಿಗೆ ಬಂದ ಆ ಯೋಚನೆಯನ್ನು ರೇಣುಕಯ್ಯ ಬೆರಳಲ್ಲೇ ತಡೆದ. ಗಿರಿಯಮ್ಮನ ಪಾದದ ಹುಣ್ಣಿನಿಂದ ನಾರುಹುಳು ಇಣುಕಿ ಇವತ್ತಿಗೆ ಹನ್ನೊಂದು ದಿನ. ಬಿಳಿ ದಾರದಂಥ ಹುಳು. ದಿನಕ್ಕೆರಡು ಅಂಗುಲ ಹೊರಗೆ ತಂದು, ಹಂಚಿಕಡ್ಡಿಗೆ ಸುತ್ತಿ, ಬಟ್ಟೆ ಕಟ್ಟಿ ಕಳಿಸುವುದು ಮಿಷನ್ ಆಸ್ಪತ್ರೆಯ ಈ ಕಂಪೌಂಡರನ ಕೆಲಸ. ಅವಸರಪಟ್ಟರೆ ಹುಳು ಒಳಗೇ ತುಂಡಾಗಿ ಕಾಲು ಕೀವುಗಟ್ಟುತ್ತದೆ.

ಹೋದ ತಿಂಗಳು ನರಸಪ್ಪನಿಗೆ ಹಾಗೇ ಆಗಿತ್ತು. ಅವತ್ತು ರೇಣುಕಯ್ಯನಿಗೆ ಪ್ರಾರ್ಥನಾಕೂಟಕ್ಕೆ ಹೊತ್ತಾಗಿತ್ತು. ನರಸಪ್ಪ ಈಗ ಕೋಲೂರಿ ನಡೆಯುತ್ತಾನೆ. ಎದುರು ಸಿಕ್ಕರೆ ಕೈಯನ್ನೂ ಮುಗಿಯುತ್ತಾನೆ. ಪುಣ್ಯಾತ್ಮ, ಬೈದಾದರೂ ಬೈಯಬಾರದೆ!

ಶಿರಾ ಕಡೆಯಿಂದ ತುಮಕೂರಿಗೆ ಹೋಗುವ ಇದ್ದಲು ಗ್ಯಾಸಿನ ಬಸ್ಸು ಹತ್ತು ಗಂಟೆಗೆ. ತುಮಕೂರಲ್ಲಿ ಮಧ್ಯಾಹ್ನ ಬಿಳಿಯ ದೊರೆ ಪಾದ್ರಿಗಳು ಅವನ ಉಪದೇಶ ಕೇಳಿ, ಒಪ್ಪಿಗೆಯಾದರೆ ಉಪದೇಶಿಯಾಗಿ ತೆಗೆದುಕೊಳ್ಳುವವರು. ಇದು ಮೂರನೇ ಸಲ. ನಾಲ್ಕನೆಯದು ಇಲ್ಲವೆಂದು ಪತ್ರದಲ್ಲೇ ಬರೆದಿದ್ದರು. ಜೇಬಿನಲ್ಲಿದ್ದ ಉಪದೇಶದ ವಿಷಯ: ದಿನನಿತ್ಯದ ದುಡಿಮೆಯಲ್ಲಿ ದೇವರನ್ನು ಕಾಣುವುದು. ಬಡಗಿಗಳ, ಬೆಸ್ತರ ಬಗ್ಗೆ ಒಳ್ಳೆಯ ಮಾತುಗಳಿದ್ದವು. ನಾರುಹುಳುವಿನ ಸುದ್ದಿ ಇರಲಿಲ್ಲ.

"ಬಸ್ಸಿಗೋಗ್ಬೇಕಂತೆ ಸ್ವಾಮೇರು," ಎಂದಳು ಗಿರಿಯಮ್ಮ.

"ಯಾರು ಹೇಳಿದ್ದು?"

"ಎಲ್ರೂವೆ."

"ಇವತ್ತಿಗಿಷ್ಟು ಸುತ್ತಿ ಕಟ್ತೀನಿ. ಮಿಕ್ಕಿದ್ದು ನಾಳೆ."

"ನಾಳೀಕೆ ನಾನೆಲ್ಲಿರ್ತೀನಿ? ಕುರಿ ಆಗ್ಲೇ ಪಾವಗಡದ ಕಡೀಕೆ ಹೊಂಟವೆ. ಹಿಂದ್ಲಿಂದ ಓಡೋಗಿ ಸೇರ್ಕಾಬೇಕು. ಮುಳ್ಳುಕಂಟಿಗೆ ಸಿಕ್ಕಂಡು ಕಿತ್ರೆ ಕಿತ್ಕಳ್ಲಿ ಬುಡಿ."

ಎತ್ತು ಏರಿಗೆ, ಕೋಣ ನೀರಿಗೆ. ಮನಸ್ಸು ರಸ್ತೆಯಲ್ಲಿತ್ತು, ಕೈ ಹುಣ್ಣಿನ ಮೇಲಿತ್ತು. ದೂರದಲ್ಲಿ ಹಾರನ್ ಕೇಳಿಸಿತು. ಸ್ಟೂಲಿನ ಮೇಲಿದ್ದ ಅವಳ ಕಾಲು ಜಾರಿತು. ದಾರ ಬಿಗಿಯಿತು. ಅಯ್ಯೋ ಎಂದು ಅವನು ಹಿಮ್ಮಡಿಯನ್ನು ಎಡ ಅಂಗೈಯಲ್ಲಿ ಹಿಡಿದುಬಿಟ್ಟ.

ಅಂಗೈಗೆ ಏನೋ ನೆನಪಾಯಿತು.

ಹತ್ತೊಂಬತ್ತನೇ ವಯಸ್ಸಿನವರೆಗೆ ಬೆಳಗ್ಗೆ ಅದೇ ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ರೆಪ್ಪೆ ಬಡಿಯದೆ ನೋಡುತ್ತ ಕೂರುತ್ತಿದ್ದ. ಕ್ರೈಸ್ತನಾಗಿ ದೀಕ್ಷಾಸ್ನಾನವಾದ ಮೇಲೆ ಕಣ್ಣು ಮುಚ್ಚಿ ಪ್ರಾರ್ಥಿಸುವುದು ಕಲಿತ. ಮುಚ್ಚಿದ ಕಣ್ಣೊಳಗೆ ಮನಸ್ಸು ಬೀದಿ ಅಲೆಯುತ್ತಿತ್ತು. ಕರ್ತನನ್ನು ನಂಬಿದ್ದ, ಅದರಲ್ಲಿ ಅನುಮಾನವಿಲ್ಲ. ಆದರೆ ಹನ್ನೊಂದು ವರ್ಷ ಅಂಗೈ ಖಾಲಿ ಇತ್ತು. ಅದನ್ನು ಯಾವ ಪಾದ್ರಿಗೆ ಹೇಳುವುದು?

ಈಗ ಅದರ ತುಂಬ ಬಿರುಕುಬಿಟ್ಟ ಹಿಮ್ಮಡಿ. ಬಿರುಕಿನಲ್ಲಿ ಮಣ್ಣು, ಕುರಿಹಿಕ್ಕೆ. ಬಿಸಿಯಾಗಿ ಭಾರವಾಗಿತ್ತು. ಅವನು ರೆಪ್ಪೆ ಬಡಿಯದೆ ನೋಡಿದ. ಹುಣ್ಣಿಗೆ ತಣ್ಣೀರು ಹನಿಸಿದ. ಕಡ್ಡಿಯನ್ನು ಎಳ್ಳಿನಷ್ಟು ತಿರುಗಿಸಿದ. ಮತ್ತೆ ನೀರು, ಮತ್ತೆ ಎಳ್ಳಿನಷ್ಟು.

ಬಸ್ಸು ಬಂತು, ನಿಂತಿತು, ಹೋಯಿತು.

"ಹೋಯ್ತಲ್ಲ ಸ್ವಾಮಿ!"

"ಹೂಂ. ಅಲ್ಲಾಡಬೇಡಮ್ಮ."

ಎಷ್ಟು ಹೊತ್ತಾಯಿತೋ. ಹುಳುವಿನ ತುದಿ ಸದ್ದಿಲ್ಲದೆ ಹೊರಬಂತು, ಇಡಿಯಾಗಿ. ತಾನು ಅಷ್ಟು ಹೊತ್ತೂ ಪ್ರಾರ್ಥನೆಯಲ್ಲಿದ್ದೆನೆಂದು ಅವನಿಗೆ ಆಗ ತಿಳಿಯಿತು. ಕರ್ತನೇ, ನಿನಗೆ ಸ್ತೋತ್ರ. ತುಮಕೂರಿಗೆ ಹೋಗಿದ್ದರೆ ಇದು ಸಿಗುತ್ತಿರಲಿಲ್ಲ. ನಾಳೆಯೂ ಇಂಥದೇ ಕೊಡು.

"ಜುಂಜಪ್ಪ ದೊಡ್ಡೋನು," ಎಂದು ಗಿರಿಯಮ್ಮ ತನ್ನ ಕುಲದೇವರಿಗೆ ಕೈಮುಗಿದಳು.

ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದ. ಇವತ್ತು ನಗು ಬಂತು. ಬಟ್ಟೆ ಕಟ್ಟಿ, "ಹುಷಾರು ಕಣಮ್ಮ," ಎಂದ.

ಅವಳು ನೇರ ಎದುರಿನ ಮೆಟ್ಟಿಲುಬಾವಿಗೆ ಹೋದಳು. ಕಟ್ಟಿದ ಬಟ್ಟೆಯ ಸಮೇತ ಮೊಣಕಾಲುದ್ದ ನೀರಿಗಿಳಿದು, "ಅಬ್ಬಾ, ತಣ್ಣಗಾಯ್ತು," ಎಂದದ್ದು ಆಸ್ಪತ್ರೆಯ ಜಗಲಿಗೂ ಕೇಳಿಸಿತು. ಹುಳು ಹರಡುವುದೇ ಆ ನೀರಿನಿಂದ, ಅದರಲ್ಲಿ ಈಜುವ ಚುಕ್ಕೆಯಂಥ ನೀರುಹೇನುಗಳಿಂದ. ಹುಣ್ಣಿನ ಕಾಲು ಅದ್ದಬೇಡಿ, ಸೋಸಿ ಕುಡಿಯಿರಿ ಎಂದು ಅವನು ಮೂರು ವರ್ಷ ಬಾಯಿ ಬಡಿದುಕೊಂಡಿದ್ದ. 'ಗಂಗಮ್ಮನ್ನ ಸೋಸ್ತಾರಾ ಯಾರಾದ್ರೂ?' ಎಂದು ಹೆಂಗಸರು ನಕ್ಕಿದ್ದರು.

ಅವಳು ಕುಂಟುತ್ತ ವಾಪಸು ಬಂದಳು. ಕೈಯಲ್ಲಿ ಬಾವಿಯ ನೀರು ತುಂಬಿದ ಚೊಂಬು.

"ನನ್ನಿಂದ ಬಸ್ಸು ತಪ್ಪೋಯ್ತು. ಬಿಸ್ಲು ಬೇರೆ. ಒಂದ್ ಗುಟುಕು ಕುಡೀರಿ ಸ್ವಾಮಿ."

"ಬಾಯಾರಿಲ್ಲ."

ಅವಳ ಮುಖ ಸಣ್ಣಗಾಯಿತು. "ಗೊಲ್ರ ಕೈನೀರು ಅಂತಾನಾ? ಕಾಲು ಹಿಡ್ಕಂಡಿದ್ರಲ್ಲ, ಅದ್ಕೇ ತಂದ್ಬುಟ್ಟೆ."

"ಅಲ್ಲಮ್ಮ, ಅಲ್ಲ."

ಅವನು ಎರಡೂ ಕೈ ಚಾಚಿ ಚೊಂಬು ಇಸಿದುಕೊಂಡ. ತುಟಿಯ ಹತ್ತಿರ ತಂದ. ನೀರಿಗೆ ಬಿಸಿಲು ಬಿದ್ದಿತ್ತು. ಆ ಬೆಳಕಿನಲ್ಲಿ, ಕಂಡೂ ಕಾಣದಷ್ಟು ಸಣ್ಣ ಬಿಳಿ ಚುಕ್ಕೆಗಳು ಜಿಗಿಜಿಗಿದು ಈಜುತ್ತಿದ್ದವು. ಗಿರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅವನು ಕುಡಿಯುವುದನ್ನೇ ನೋಡುತ್ತ ನಿಂತಳು.